ಟೋನರ್ ಹಚ್ಚಿ ಮೊಡವೆ ಕಲೆ ತಿಳಿಯಾಯಿತು, ಕೆನ್ನೆಯ ಬಂಗು ಮಾತ್ರ ಇನ್ನಷ್ಟು ಕಪ್ಪಾಯಿತು. ಬಿಡಲೇ, ಮುಂದುವರಿಸಲೇ?

ಪಿಗ್ಮಿ ಅಕ್ಕ, ದಾವಣಗೆರೆ
ಫೆಬ್ರುವರಿ 9

ವಯಸ್ಸು 36. ಸಹಕಾರಿ ಸಂಘವೊಂದಕ್ಕೆ ಪಿಗ್ಮಿ ಹಣ ಸಂಗ್ರಹಿಸುವುದು ನನ್ನ ಕೆಲಸ. ಬೆಳಿಗ್ಗೆ ಹತ್ತೂವರೆಗೆ ಸ್ಕೂಟರ್ ಏರಿದರೆ ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳನ್ನು ಮುಗಿಸಿ, ಮಂಡಕ್ಕಿ ಭಟ್ಟಿಗಳತ್ತ ಹೋಗಿ ಬಂದು ಮನೆ ಸೇರುವಷ್ಟರಲ್ಲಿ ನಾಲ್ಕು ಗಂಟೆ. ಮುಖಕ್ಕೆ ವೇಲು ಸುತ್ತಿಕೊಳ್ಳುತ್ತೇನೆ. ಆದರೆ ಪ್ರತಿ ಅಂಗಡಿಯ ಮುಂದೆ ಅದನ್ನು ಇಳಿಸಿ ನಾಲ್ಕು ಮಾತನಾಡಬೇಕು. ಮುಖ ಕಾಣದವಳ ಕೈಗೆ ಯಾರು ತಾನೇ ಹಣ ಹಾಕುತ್ತಾರೆ?

ದವಡೆಯ ಉದ್ದಕ್ಕೂ ಹಳೆಯ ಮೊಡವೆಗಳ ಗುರುತುಗಳಿವೆ. ಉದ್ದಿನಕಾಳಿನಷ್ಟು ದೊಡ್ಡವು, ಏಳೆಂಟು. ಚಿವುಟಿದ್ದು ನಾನೇ, ಅನುಭವಿಸುತ್ತಿರುವುದೂ ನಾನೇ. ಇನ್ನು ಎರಡೂ ಕೆನ್ನೆಗಳ ಎಲುಬಿನ ಮೇಲೆ ಬಂಗು. ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ ಬಂದದ್ದು. ಮಗುವಿಗೆ ಈಗ ಆರು ವರ್ಷ. ಇವೆರಡೂ ಒಂದೇ ಜಾತಿಯ ಕಪ್ಪು ಎಂದು ನಾನು ತಿಳಿದಿದ್ದೆ.

ಡಿಸೆಂಬರ್ ಕೊನೆಯಲ್ಲಿ, ಕಾಲೇಜಿಗೆ ಹೋಗುವ ಅಣ್ಣನ ಮಗಳು ಮೊಬೈಲಿನಲ್ಲಿ ನೋಡಿ ಒಂದು ಬ್ರೈಟನಿಂಗ್ ಟೋನರ್ ತರಿಸಿಕೊಟ್ಟಳು. 150 ಮಿಲಿಲೀಟರ್ ಬಾಟಲಿ, 349 ರೂಪಾಯಿ. ಸ್ನಾನವಾದ ಮೇಲೆ ಹತ್ತಿಯಲ್ಲಿ ಅದ್ದಿ ಮುಖವೆಲ್ಲ ಒರೆಸಿಕೊಳ್ಳುತ್ತೇನೆ. ಮೊದಮೊದಲು ಕೆಂಪಿರುವೆ ಹರಿದಾಡಿದಂತೆ ಚುರುಗುಟ್ಟುತ್ತಿತ್ತು, ಈಗ ಅಷ್ಟಿಲ್ಲ. ಮೇಲೆ ಸ್ವಲ್ಪ ಪೌಡರ್, ಕುಂಕುಮ, ಹೊರಟೆ.

ಆರು ವಾರವಾಯಿತು. ದವಡೆಯ ಗುರುತುಗಳು ನಿಜವಾಗಿಯೂ ತಿಳಿಯಾಗಿವೆ, ಎರಡಂತೂ ಹುಡುಕಿದರೂ ಸಿಗುವುದಿಲ್ಲ. ಆದರೆ ಬಂಗು? ಯಾರೋ ಮಸಿ ಕೈಯನ್ನು ನನ್ನ ಕೆನ್ನೆಗೆ ಒರೆಸಿದಂತಾಗಿದೆ. ಮೊನ್ನೆ ಮಂಡಿಯ ಸಾಹುಕಾರರೊಬ್ಬರು, "ಏನಕ್ಕ, ಭಟ್ಟಿಯ ಹೊಗೆ ಬಡಿದಿದೆಯಲ್ಲ" ಎಂದರು. ನಕ್ಕು ರಸೀದಿ ಹರಿದುಕೊಟ್ಟೆ. ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ಅವರು ಹೇಳಿದ್ದು ಸುಳ್ಳಲ್ಲ.

ಬೆಳ್ಳಗಾಗಬೇಕೆಂಬ ಆಸೆ ನನಗಿಲ್ಲ. ನನ್ನ ಬಣ್ಣ ನನ್ನ ಅಮ್ಮನದು, ಅದು ಇರಲಿ. ಕಲೆ ಮಾತ್ರ ಹೋಗಬೇಕು. ಟೋನರ್ ಬಿಡಬೇಕೇ? ಬೇರೆ ತರಬೇಕೇ? ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ನನ್ನಿಂದಾಗದು.

ತೀರ್ಥಹಳ್ಳಿಯವಳು
ಫೆಬ್ರುವರಿ 9

ಅಕ್ಕ, ಆ ಬಾಟಲಿಯನ್ನು ಮೊದಲು ಹಿತ್ತಲಿಗೆ ಎಸೆಯಿರಿ. ಬಂಗಿಗೆ ನಮ್ಮ ಅಜ್ಜಿಯ ಮದ್ದು ಜಾಯಿಕಾಯಿ. ಸಾಣೆಕಲ್ಲಿನ ಮೇಲೆ ಹಸಿ ಹಾಲು ಹಾಕಿ ತೇದು, ರಾತ್ರಿ ಬಂಗಿನ ಮೇಲಷ್ಟೇ ಹಚ್ಚಿ. ಬೇಗ ಹೋಗಬೇಕೆಂದರೆ ನಾಲ್ಕು ಹನಿ ನಿಂಬೆರಸ ಸೇರಿಸಿ. ಕಾಸಿನ ಖರ್ಚಿಲ್ಲ.

ಔಷಧಿ ಅಂಗಡಿಯವಳು, ರಾಣೆಬೆನ್ನೂರು
ಫೆಬ್ರುವರಿ 10

ತೀರ್ಥಹಳ್ಳಿಯವರೇ, ಅಜ್ಜಿಯ ಮೇಲೆ ನನಗೂ ಗೌರವವಿದೆ, ಆದರೆ ನಿಂಬೆರಸವನ್ನು ಮಾತ್ರ ದಯವಿಟ್ಟು ಅಡುಗೆಮನೆಯಲ್ಲೇ ಬಿಡಿ. ನಿಂಬೆ ಜಾತಿಯ ಹಣ್ಣಿನ ರಸ ಚರ್ಮಕ್ಕೆ ತಾಗಿ, ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ನಿಂಬೆರಸ ಸೋರಿದ ದಾರಿಯಲ್ಲೇ ಗೆರೆ ಎಳೆದಂತೆ ಕಪ್ಪು ಬಿದ್ದ ಕೈಗಳನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಬಿಸಿಲಿನಲ್ಲಿ ತಿರುಗುವ ಹೆಂಗಸಿಗೆ ಇದನ್ನು ಹೇಳಿಕೊಡುವುದು ಬೇಡ. ಜಾಯಿಕಾಯಿಯೂ ಕೆಲವರಿಗೆ ಉರಿಯುತ್ತದೆ, ಉರಿದ ಜಾಗ ನಮ್ಮ ಬಣ್ಣದವರಲ್ಲಿ ಕಪ್ಪಾಗಿಯೇ ಮಾಯುವುದು.

ಪಿಗ್ಮಿ ಅಕ್ಕನವರೇ, ನಾನು ಡಿ.ಫಾರ್ಮ ಮಾಡಿ 19 ವರ್ಷದಿಂದ ಔಷಧಿ ಅಂಗಡಿಯಲ್ಲಿ ಕುಳಿತವಳು. ವೈದ್ಯೆಯಲ್ಲ, ಆದರೆ ಮುಖಕ್ಕೆ ಏನೇನೋ ಹಚ್ಚಿಕೊಂಡು ಬಂದವರನ್ನು ಎಣಿಕೆಯಿಲ್ಲದಷ್ಟು ನೋಡಿದ್ದೇನೆ. ಬಾಟಲಿಯನ್ನು ಹಿತ್ತಲಿಗೆ ಎಸೆಯುವ ಮೊದಲು ಅದನ್ನು ತಿರುಗಿಸಿ ಹಿಂಬದಿ ಓದಿ. ಮುಂಬದಿಯಲ್ಲಿ ಇರುವುದು ಜಾಹೀರಾತು. ಹಿಂಬದಿಯ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವವು ಮಾತ್ರ ಪಟ್ಟಿಯ ಕೊನೆಯಲ್ಲಿ ಹೇಗೆ ಬೇಕಾದರೂ ಹಿಂದೆಮುಂದೆ ನಿಲ್ಲಬಹುದು. "ಕೇಸರಿ ಟೋನರ್" ಎಂದು ಮುಂದೆ ದೊಡ್ಡದಾಗಿ ಬರೆದು, ಕೇಸರಿಯನ್ನು ಸುವಾಸನೆಗಿಂತ ಕೆಳಗೆ ಹಾಕಿದ ಬಾಟಲಿಗಳು ನನ್ನ ಅಂಗಡಿಯಲ್ಲೇ ಇವೆ. ಮಾರುತ್ತೇನೆ, ಕೇಳಿದವರಿಗೆ ನಿಜವನ್ನೂ ಹೇಳುತ್ತೇನೆ.

ನನ್ನ ಊಹೆ: ನಿಮ್ಮ ಬಾಟಲಿಯಲ್ಲಿ ಗ್ಲೈಕೋಲಿಕ್ ಆಮ್ಲ ಇದೆ. ನೀವು ಬರೆದ ಚುರುಗುಟ್ಟುವಿಕೆ ಅದರದ್ದೇ ಇರಬೇಕು. ಸರಿಯೋ ತಪ್ಪೋ ನೋಡಿ ಹೇಳಿ. ಜೊತೆಗೆ ಎರಡು ಪ್ರಶ್ನೆ. ಬಿಸಿಲಿಗೆ ಮುಂಚೆ ಸನ್‌ಸ್ಕ್ರೀನ್ ಹಚ್ಚುತ್ತೀರಾ, ಎಷ್ಟು? ಬಂಗಿಗೆಂದು ಇದಕ್ಕೂ ಮೊದಲು ಯಾವುದಾದರೂ ಟ್ಯೂಬ್ ಹಚ್ಚಿದ್ದೀರಾ?

ಪಿಗ್ಮಿ ಅಕ್ಕ, ದಾವಣಗೆರೆ
ಫೆಬ್ರುವರಿ 10

ನೋಡಿದೆ. ಅಕ್ಷರ ಎಷ್ಟು ಸಣ್ಣದೆಂದರೆ ಮಗನ ಕೈಯಲ್ಲಿ ಮೊಬೈಲಿನಿಂದ ಫೋಟೊ ತೆಗೆಸಿ ಹಿಗ್ಗಿಸಿ ಓದಬೇಕಾಯಿತು. ನೀರು, ಆಮೇಲೆ ಗ್ಲೈಕೋಲಿಕ್ ಆಮ್ಲ, ಗ್ಲಿಸರಿನ್, ನಯಾಸಿನಮೈಡ್. ಕೊನೆಗೆ ಸುವಾಸನೆ. ನೀವು ಹೇಳಿದ್ದು ಸರಿಯಾಯಿತು.

ಸನ್‌ಸ್ಕ್ರೀನ್ ಇದೆ, ಮದುವೆ, ಪ್ರವಾಸಕ್ಕೆ ಹೋಗುವಾಗ ಹಚ್ಚುತ್ತೇನೆ. ತೊಗರಿಬೇಳೆಯಷ್ಟು. ಹೆಚ್ಚು ಹಚ್ಚಿದರೆ ಮುಖ ವಿಭೂತಿ ಬಳಿದಂತೆ ಕಾಣುತ್ತದೆ.

ಟ್ಯೂಬಿನ ವಿಷಯ ಕೇಳಿದಿರಲ್ಲ, ಹೇಳಲು ಸ್ವಲ್ಪ ನಾಚಿಕೆ. ಮೂರು ವರ್ಷದ ಹಿಂದೆ ಓರಗಿತ್ತಿ ಒಂದು ಮುಲಾಮು ಕೊಟ್ಟಿದ್ದಳು. ಹತ್ತೇ ದಿನದಲ್ಲಿ ಬಂಗು ಮಾಯವಾಯಿತು. ಎರಡು ತಿಂಗಳು ಹಚ್ಚಿದೆ, ಮುಗಿದ ಮೇಲೆ ಬಿಟ್ಟೆ. ಬಿಟ್ಟ ಮೂರನೆಯ ವಾರಕ್ಕೆ ಬಂಗು ವಾಪಸು ಬಂತು, ಜೊತೆಗೆ ನೆಂಟರನ್ನೂ ಕರೆತಂದಂತೆ ದವಡೆಯ ತುಂಬ ಮೊಡವೆ. ಈಗಿನ ಗುರುತುಗಳು ಆಗಿನವೇ.

ಔಷಧಿ ಅಂಗಡಿಯವಳು, ರಾಣೆಬೆನ್ನೂರು
ಫೆಬ್ರುವರಿ 11

ನಾಚಿಕೆ ಏಕೆ? ನನ್ನ ಅಂಗಡಿಗೆ ದಿನಕ್ಕೊಬ್ಬರು ಖಾಲಿ ಟ್ಯೂಬನ್ನು ಚಪ್ಪಟೆ ಮಡಚಿ ಪರ್ಸಿನಿಂದ ತೆಗೆದು, "ಇದೇ ಕೊಡಿ" ಎನ್ನುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಮೂರು ಔಷಧಗಳಿರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಸ್ಟಿರಾಯ್ಡ್. ಚರ್ಮರೋಗ ವೈದ್ಯರು ಕೆಲವು ವಾರಗಳ ಮಟ್ಟಿಗೆ, ತಮ್ಮ ಕಣ್ಣಳತೆಯಲ್ಲಿ ಕೊಡುವ ಮದ್ದು ಅದು. ಓರಗಿತ್ತಿಯರು ಕೊಡುವ ಮದ್ದಲ್ಲ. ಹೆಚ್ಚು ಕಾಲ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ, ತುಟಿಯ ಮೇಲೆ ರೋಮ ಬೆಳೆಯುತ್ತದೆ, ಮೊಡವೆ ಏಳುತ್ತದೆ, ಬಿಟ್ಟರೆ ಎಲ್ಲವೂ ಒಮ್ಮೆಲೇ ಮುಖಕ್ಕೆ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಎಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಕೊಡುವುದಿಲ್ಲ ಎಂದರೆ ಗಿರಾಕಿ ಮುಖ ಗಂಟುಹಾಕಿಕೊಂಡು ಎದುರಿನ ಸಾಲಿಗೆ ಹೋಗುತ್ತಾರೆ. ಹೋಗಲಿ.

ಟ್ಯೂಬಾದರೂ ವಾಸಿ, ಹೆಸರು ಓದಬಹುದು. ಹೆಸರಿನ ಚೀಟಿಯೇ ಅಂಟಿಸದ ಡಬ್ಬಿಗಳಲ್ಲಿ ಬರುವ ಬಿಳುಪಿನ ಕ್ರೀಮ್‌ಗಳ ತಂಟೆಗಂತೂ ಹೋಗಲೇಬೇಡಿ. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರ ಮೂತ್ರಪಿಂಡವೇ ಕೆಟ್ಟದ್ದು ಸುದ್ದಿಯಾಗಿತ್ತು. ಕಾರಣ ಪಾದರಸ.

ಈಗ ನಿಮ್ಮ ಟೋನರ್. ಅದು ಕೆಟ್ಟ ವಸ್ತುವಲ್ಲ, ನೀವು ಹಚ್ಚಿದ ಹೊತ್ತು ಕೆಟ್ಟದ್ದು.

ಗ್ಲೈಕೋಲಿಕ್ ಆಮ್ಲ ಕಬ್ಬಿನಲ್ಲೂ ಇರುವ ಆಮ್ಲ. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳನ್ನು ಹಿಡಿದಿಟ್ಟ ಅಂಟನ್ನು ಸಡಿಲಿಸುತ್ತದೆ, ಹಳೆಯ ಬಣ್ಣ ಹೊತ್ತ ಪದರ ಬೇಗ ಉದುರುತ್ತದೆ. ಮೊಡವೆಯ ಗುರುತು ಸಾಮಾನ್ಯವಾಗಿ ಮೇಲೆಯೇ ಇರುವುದರಿಂದ ನಿಮಗೆ ಗುಣ ಕಂಡಿತು. ಆದರೆ ಅದನ್ನು ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸೋಲುತ್ತದೆ. ಬಿಟ್ಟ ಮೇಲೂ ಸುಮಾರು ಒಂದು ವಾರ ಆ ಗುಣ ಇರುತ್ತದೆ. ಅದನ್ನು ನೀವು ಬೆಳಿಗ್ಗೆ ಹಚ್ಚಿ, ಬರಿಯ ಪೌಡರ್ ಬಳಿದು, ದಾವಣಗೆರೆಯ ಬಿಸಿಲಿಗೆ ಹತ್ತೂವರೆಯಿಂದ ನಾಲ್ಕರವರೆಗೆ ಮುಖ ಒಡ್ಡಿದ್ದೀರಿ. ಹೊಲಕ್ಕೆ ಬೇಲಿ ಕಿತ್ತು ದನ ಬಿಟ್ಟಂತೆ.

ಬಂಗು ಬೇರೆಯೇ ಸಂಗತಿ. ಅಲ್ಲಿ ಬಣ್ಣ ಮಾಡುವ ಕೋಶಗಳು ಸದಾ ಎಚ್ಚರವಾಗಿರುತ್ತವೆ. ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ ಇವೆಲ್ಲ ಅದಕ್ಕೆ ಕಾರಣ, ಬಿಸಿಲೇ ದೊಡ್ಡ ಯಜಮಾನ. ಕಣ್ಣಿಗೆ ಕಾಣುವ ಬೆಳಕು ಸಹ ಅದನ್ನು ಕೆರಳಿಸುತ್ತದೆ, ಬೆಂಕಿಯ ಕಾವೂ ಹೆಚ್ಚಿಸಬಹುದು. ನೀವು ಮಂಡಕ್ಕಿ ಭಟ್ಟಿಯ ಬಾಯಿಯ ಮುಂದೆ ನಿಂತು ಲೆಕ್ಕ ಬರೆಯುತ್ತೀರಾದರೆ, ಅವರನ್ನೇ ಈಚೆ ಕರೆದು ಬರೆಯಿರಿ.

ನಯಾಸಿನಮೈಡ್ ಎಂದರೆ ಬಿ3 ಜೀವಸತ್ವದ ಒಂದು ರೂಪ. ಇದು ನಿಮ್ಮ ಗೆಳತಿ. ನಿಮ್ಮ ಮಂಡಿಯ ಮಾತಿನಲ್ಲೇ ಹೇಳುವುದಾದರೆ, ಅದು ಬಣ್ಣದ ಗಿರಣಿಯನ್ನು ಮುಚ್ಚಿಸುವುದಿಲ್ಲ, ಅಲ್ಲಿಂದ ಮೂಟೆ ಹೊತ್ತು ಮೇಲಿನ ಕೋಶಗಳಿಗೆ ಹಾಕುವ ಹಮಾಲರನ್ನು ತಡೆಯುತ್ತದೆ. ಶೇ 4ರಿಂದ 5 ಸಾಕು. ಶೇ 10 ಎಂದು ಬರೆದದ್ದು ಎರಡು ಪಟ್ಟು ಕೆಲಸ ಮಾಡುವುದಿಲ್ಲ, ಕೆಲವರಿಗೆ ಉರಿಯುತ್ತದೆ ಅಷ್ಟೆ. ಬೆಳಿಗ್ಗೆಯೂ ಹಚ್ಚಬಹುದು.

ಹೀಗೆ ಮಾಡಿ. ಎರಡು ವಾರ ಈ ಬಾಟಲಿಯನ್ನು ಮುಟ್ಟಬೇಡಿ, ಚರ್ಮ ಸುಧಾರಿಸಿಕೊಳ್ಳಲಿ. ಆಮೇಲೆ ವಾರಕ್ಕೆ ಎರಡೇ ರಾತ್ರಿ, ದವಡೆಗೆ ಮಾತ್ರ, ಕೆನ್ನೆಗೆ ಬೇಡ. ಮುಖ ತೊಳೆದು ಚೆನ್ನಾಗಿ ಒಣಗಿದ ಮೇಲೆ ಅಂಗೈಯಲ್ಲಿ ನಾಲ್ಕು ಹನಿ ಹಾಕಿ ಒತ್ತಿ. ಹತ್ತಿಯಿಂದ ಉಜ್ಜಿದರೆ ಅರ್ಧ ಟೋನರ್ ಹತ್ತಿ ಕುಡಿಯುತ್ತದೆ, ಉಜ್ಜಿದ ಗಾಯ ನಿಮ್ಮ ಪಾಲಿಗೆ. ಮೇಲೆ ಯಾವುದಾದರೂ ಸಾದಾ ಮಾಯಿಶ್ಚರೈಸರ್. ಬಾಟಲಿಯಲ್ಲಿ ಉಳಿದದ್ದೇ ತಿಂಗಳುಗಟ್ಟಲೆ ಬರುತ್ತದೆ.

ಉಳಿದ ಹಣವೆಲ್ಲ ಸನ್‌ಸ್ಕ್ರೀನಿಗೆ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಗೆರೆ ಎಳೆದಷ್ಟು ಬೇಕು ಮುಖ ಕುತ್ತಿಗೆಗೆ. ತೊಗರಿಬೇಳೆಯಷ್ಟು ಹಚ್ಚಿದರೆ ಟ್ಯೂಬಿನ ಮೇಲೆ ಬರೆದ ಎಸ್‌ಪಿಎಫ್ 50, ಎಂದರೆ ಬಿಸಿಲು ತಡೆಯುವ ಅಳತೆ, ಟ್ಯೂಬಿನ ಮೇಲೆಯೇ ಉಳಿಯುತ್ತದೆ. ಎರಡು ಬೆರಳೆಂದರೆ ಸುಮಾರು ಒಂದೂಕಾಲು ಗ್ರಾಂ. ದಿನಕ್ಕೊಮ್ಮೆ ಹಚ್ಚಿದರೆ 50 ಗ್ರಾಂ ಟ್ಯೂಬ್ 40 ದಿನ ಬರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಮ್ಮೆ ಹಚ್ಚಬೇಕು ಎನ್ನುವುದು ಸರಿಯಾದ ಲೆಕ್ಕ, ಆಗ 20 ದಿನ. ನಿಮ್ಮ 500 ರೂಪಾಯಿಯಲ್ಲಿ ಅದು ಕಷ್ಟ ಎಂದು ನನಗೂ ಗೊತ್ತು. ಅದಕ್ಕೆ ಮಧ್ಯಾಹ್ನ ಕೆನ್ನೆ, ಮೂಗು, ಹಣೆಗಷ್ಟೇ ಹಚ್ಚಿ. ಮಣ್ಣಿನ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಸಿಗುತ್ತದೆ, ಟಿಂಟೆಡ್ ಎಂದು ಕೇಳಿ. ಅದರ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ವಿಭೂತಿಯಂತೆಯೂ ಕಾಣುವುದಿಲ್ಲ.

ವೇಲನ್ನು ಕಿಟಕಿಗೆ ಹಿಡಿದು ನೋಡಿ. ಆಚೆ ಬದಿಯ ಮರ ಕಂಡರೆ ಬಿಸಿಲಿಗೂ ನಿಮ್ಮ ಕೆನ್ನೆ ಕಂಡಂತೆ. ದಪ್ಪ ನೇಯ್ಗೆಯ, ಗಾಢ ಬಣ್ಣದ ಹತ್ತಿ ಬಟ್ಟೆ ಮಾಡಿಕೊಳ್ಳಿ.

ಒಮ್ಮೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಬನ್ನಿ. ಸ್ಟಿರಾಯ್ಡ್ ಹಚ್ಚಿದ್ದನ್ನು ಮುಚ್ಚಿಡದೆ ಹೇಳಿ.

ಬಸ್ ನಿರ್ವಾಹಕ
ಫೆಬ್ರುವರಿ 12

ಗಂಡಸರು ಕೇಳಬಹುದೇ? ದಿನಾ ಕ್ಷೌರ ಮಾಡಿಕೊಳ್ಳಬೇಕಾದ ಕೆಲಸ. ಗದ್ದದ ಕೆಳಗೆ ರೋಮ ಒಳಗೇ ಸುತ್ತಿಕೊಂಡು ಗುಳ್ಳೆಯಾಗಿ, ಕಪ್ಪು ಚುಕ್ಕಿ ಉಳಿಯುತ್ತದೆ. ನಾನೂ ಈ ಟೋನರ್ ತರಲೇ? ಈಗ ಹಚ್ಚುತ್ತಿರುವುದು ಘಮಘಮಿಸುವ ಆಫ್ಟರ್‌ಶೇವ್.

ಔಷಧಿ ಅಂಗಡಿಯವಳು, ರಾಣೆಬೆನ್ನೂರು
ಫೆಬ್ರುವರಿ 12

ತರಬಹುದು, ಆದರೆ ಕ್ಷೌರವಾದ ಕೂಡಲೇ ಹಚ್ಚಿದರೆ ಟಿಕೆಟ್ ಕೇಳದೆ ಬಸ್ಸಿನಿಂದ ಇಳಿದು ಓಡುತ್ತೀರಿ. ರಾತ್ರಿ, ಮೂರು ದಿನಕ್ಕೊಮ್ಮೆ. ರೋಮ ಬೆಳೆದ ದಿಕ್ಕಿಗೇ ಬ್ಲೇಡ್ ಎಳೆಯಿರಿ, ಒಂದೇ ಸಲ, ಚರ್ಮ ಬಿಗಿ ಹಿಡಿಯದೆ. ಸಾಧ್ಯವಾದರೆ ಟ್ರಿಮ್ಮರ್. ಆಫ್ಟರ್‌ಶೇವಿನ ಆಲ್ಕೋಹಾಲ್ ಕಲೆಗೆ ಉಪಕಾರ ಮಾಡುವುದಿಲ್ಲ.

ತೀರ್ಥಹಳ್ಳಿಯವಳು
ಫೆಬ್ರುವರಿ 13

ನಿಂಬೆಯ ವಿಷಯ ಗೊತ್ತಿರಲಿಲ್ಲ. ಅಜ್ಜಿ ನಿಂಬೆ ಹೇಳಿರಲಿಲ್ಲ, ಅದು ನಾನು ಮೊಬೈಲಿನಲ್ಲಿ ನೋಡಿ ಸೇರಿಸಿದ್ದು. ಅಜ್ಜಿ ಮಧ್ಯಾಹ್ನ ಅಂಗಳಕ್ಕೂ ಇಳಿಯುತ್ತಿರಲಿಲ್ಲ ಎನ್ನುವುದು ಈಗ ನೆನಪಾಯಿತು.

ಪಿಗ್ಮಿ ಅಕ್ಕ, ದಾವಣಗೆರೆ
ಜೂನ್ 2

ಬಿಸಿಲು ಕಳೆಯುವವರೆಗೆ ಏನೂ ಬರೆಯಬಾರದೆಂದು ಸುಮ್ಮನಿದ್ದೆ. ನಾಲ್ಕು ಮಾತು ಹೇಳುತ್ತೇನೆ.

ಆಸ್ಪತ್ರೆಗೆ ಹೋದೆ. ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಿದವಳಿಗೆ ಹನ್ನೊಂದೂವರೆಗೆ ಸರದಿ ಬಂತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಒಂದು ಮೂಲೆ ಕೋಣೆಗೆ ಕರೆದೊಯ್ದು, ದೀಪ ಆರಿಸಿ, ನೇರಳೆ ಬೆಳಕಿನ ಸಣ್ಣ ಲಾಂದ್ರವನ್ನು ಮುಖದ ಹತ್ತಿರ ಹಿಡಿದರು. ಆ ಬೆಳಕಿನಲ್ಲಿ ಗಾಢವಾಗಿ ಎದ್ದು ಕಂಡರೆ ಬಣ್ಣ ಚರ್ಮದ ಮೇಲ್ಪದರದಲ್ಲಿದೆ ಎಂದು, ಕಾಣದಿದ್ದರೆ ಆಳದಲ್ಲಿದೆ ಎಂದು ವಿವರಿಸಿದರು. ನನ್ನದು ಎರಡೂ ಬೆರೆತದ್ದಂತೆ. ಅಂಚು ಮೇಲೆ, ನಡುವೆ ಆಳ. ಥೈರಾಯ್ಡ್ ರಕ್ತಪರೀಕ್ಷೆ ಬರೆದುಕೊಟ್ಟರು, ಮಾತ್ರೆಗಳ ವಿಷಯ ಕೇಳಿದರು. ರಾತ್ರಿ ಹಚ್ಚಲು ಅಜೆಲಾಯಿಕ್ ಆಮ್ಲದ ಶೇ 10ರ ಜೆಲ್ ಕೊಟ್ಟರು. ಟೋನರ್ ದವಡೆಗೆ ಮಾತ್ರ ಎಂದಾಗ, "ಯಾರು ಹೇಳಿದ್ದು, ಸರಿಯಾಗಿಯೇ ಹೇಳಿದ್ದಾರೆ" ಎಂದರು. ನಿಮ್ಮ ಅಂಗಡಿಯ ಹೆಸರು ನನಗೆ ಗೊತ್ತಿರಲಿಲ್ಲ, ರಾಣೆಬೆನ್ನೂರಿನವರು ಎಂದೆ.

ದವಡೆ ಈಗ ಸ್ವಚ್ಛ. ಒಂದೇ ಒಂದು ಗುರುತು ಉಳಿದಿದೆ, ಅದು ಹಳ್ಳ ಬಿದ್ದದ್ದು, ಟೋನರಿಗೆ ತುಂಬುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಬಂಗು ಹೋಗಿಲ್ಲ. ಅಂಚು ಮಾತ್ರ ಮಸುಕಾಗಿ, ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಲಾಗದಂತಾಗಿದೆ. ಏಪ್ರಿಲ್, ಮೇ ಎರಡೂ ತಿಂಗಳು ಬಿಸಿಲಿನಲ್ಲಿ ತಿರುಗಿಯೂ ಕಪ್ಪು ಹೆಚ್ಚಲಿಲ್ಲ. ನನಗೆ ಅದೇ ಹಬ್ಬ.

ನಡುವೆ ಒಂದು ಎಡವಟ್ಟು ಮಾಡಿಕೊಂಡೆ. ಮಾರ್ಚ್‌ನಲ್ಲಿ ನಾದಿನಿಯ ಮಗನ ಮದುವೆ ಎಂದು ಆಸೆಬಿದ್ದು ನಾಲ್ಕು ರಾತ್ರಿ ಸತತ ಟೋನರ್ ಹಚ್ಚಿದೆ. ಬಾಯಿಯ ಪಕ್ಕ ಸಿಪ್ಪೆ ಎದ್ದು, ಮದುವೆಯ ದಿನ ನಕ್ಕರೆ ಉರಿಯುತ್ತಿತ್ತು. ಫೋಟೊಗಳಲ್ಲಿ ನಾನೊಬ್ಬಳೇ ಗಂಭೀರವಾಗಿದ್ದೇನೆ.

ಭಟ್ಟಿಯವರು ಈಗ ನನ್ನ ಸ್ಕೂಟರ್ ಸದ್ದು ಕೇಳಿದರೆ ತಾವೇ ರಸ್ತೆಗೆ ಬಂದು ಹಣ ಕೊಡುತ್ತಾರೆ. ಆ ಸಾಹುಕಾರರು ಮಾತ್ರ ಏನೂ ಗಮನಿಸಿಲ್ಲ. ಕಪ್ಪಾದಾಗ ಮೊದಲು ಕಂಡವರಿಗೆ ತಿಳಿಯಾದಾಗ ಕಾಣುವುದಿಲ್ಲ ನೋಡಿ.

ಲೆಕ್ಕ ಕೇಳಿದರೆ: ಟಿಂಟೆಡ್ ಸನ್‌ಸ್ಕ್ರೀನ್ 50 ಗ್ರಾಂ, 445 ರೂಪಾಯಿ. ನಿಮ್ಮ ಲೆಕ್ಕದಂತೆ ಬೆಳಿಗ್ಗೆ ಎರಡು ಬೆರಳು, ಮಧ್ಯಾಹ್ನ ಸ್ವಲ್ಪ. ಸರಿಯಾಗಿ ಒಂದು ತಿಂಗಳು. ಇನ್ನೇನೂ ಬರುವುದಿಲ್ಲ ಎನ್ನುವಾಗ ಕತ್ತರಿಯಿಂದ ಟ್ಯೂಬಿನ ತಳ ಕತ್ತರಿಸಿದೆ. ಒಳಗೋಡೆಗೆ ಇನ್ನೂ ನಾಲ್ಕು ದಿನಕ್ಕಾಗುವಷ್ಟು ಅಂಟಿಕೊಂಡಿತ್ತು! ಹಾಗೆ ಕತ್ತರಿಸಿದ್ದನ್ನು ಬಳಸಬಹುದೇ?

ಔಷಧಿ ಅಂಗಡಿಯವಳು, ರಾಣೆಬೆನ್ನೂರು
ಜೂನ್ 3

ಬಳಸಿ, ಬಾಯಿಗೆ ಕ್ಲಿಪ್ ಹಾಕಿ ತಂಪು ಜಾಗದಲ್ಲಿಡಿ, ನಾಲ್ಕು ದಿನಕ್ಕಿಂತ ಹೆಚ್ಚು ಬೇಡ. ಸ್ಕೂಟರ್ ಡಿಕ್ಕಿಯಲ್ಲಂತೂ ಇಡಬೇಡಿ, ಅಲ್ಲಿನ ಕಾವಿಗೆ ಹೊಸ ಟ್ಯೂಬೂ ಕೆಡುತ್ತದೆ. ಮಳೆಗಾಲ ಬಂತೆಂದು ನಿಲ್ಲಿಸಬೇಡಿ, ಮೋಡದ ದಿನವೂ ಬೆಳಕು ಬೆಳಕೇ. ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ಏನಾಯಿತೆಂದು ಬರೆಯಲೇ ಇಲ್ಲವಲ್ಲ?